ಹದಿನಾಲ್ಕು ಜನರ ಸ್ಮೋಕರ್

ಅಂಗಡಿಯಲ್ಲಿದ್ದ, ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಸ್ಮೋಕರುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಮುಚ್ಚಳ ಎತ್ತಿ, ತಲೆಯನ್ನು ಪೂರ್ತಿ ಒಳಗೆ ಹಾಕಿ, ಅವನು ಜಾಲರಿಯ ಉದ್ದವನ್ನು ಗೇಣಿನಲ್ಲಿ ಅಳೆಯುತ್ತಿದ್ದ. ಐದು ಗೇಣು ಆಗಿತ್ತು, ಜಾಲರಿ ಇನ್ನೂ ಮುಗಿದಿರಲಿಲ್ಲ. "ಪಕ್ಕೆಲುಬನ್ನ ಕತ್ತರಿಸೋದೇ ಬೇಡ ಕಣೇ, ಇಡೀದಾಗಿ ಮಲಗಿಸಬಹುದು. ನಾಲ್ಕು ಸಾಲು!" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಕೂಗಿ ಹೇಳಿದ. ಮಾತು ಕಬ್ಬಿಣದ ಹೊಟ್ಟೆಯೊಳಗೆ ಗುಂಯ್ ಎಂದಿತು.

"ನಮಸ್ಕಾರ ಸರ್. ಏನು ನೋಡ್ತಿದೀರಾ?" ಎಂದಿತು ಹಿಂದಿನಿಂದ ಒಂದು ಹೆಣ್ಣು ದನಿ.

ಆ ದನಿ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ತಲೆಯನ್ನು ತಕ್ಷಣ ಹೊರಗೆ ತೆಗೆಯಲಿಲ್ಲ. ಕೊನೆಗೆ ತೆಗೆದಾಗ ಮುಚ್ಚಳದ ಅಂಚು ನೆತ್ತಿಗೆ ಸರಿಯಾಗಿ ಬಡಿಯಿತು.

ಅಣ್ಣನ ಮಗಳು. ಅಂಗಡಿಯ ಹಸಿರು ಏಪ್ರನ್ನು, ಎದೆಗೆ ಒತ್ತಿಕೊಂಡ ಪ್ಯಾಡು, ಕಿವಿಯ ಸಂದಿಯಲ್ಲಿ ಪೆನ್ನು. ಅವಳ ಮುಖ ನೋಡಿ ಹನ್ನೊಂದು ತಿಂಗಳಾಗಿತ್ತು. ಅವಳು ಇಲ್ಲಿ ಕೆಲಸಕ್ಕಿದ್ದಾಳೆಂಬುದು ಗಂಡಹೆಂಡಿರಿಬ್ಬರಿಗೂ ಗೊತ್ತಿರಲಿಲ್ಲ. ಆ ಮನೆಯ ಸುದ್ದಿ ತಂದು ಹೇಳುವವರು ಅವರ ಪಾಲಿಗೆ ಯಾರೂ ಉಳಿದಿರಲಿಲ್ಲವಲ್ಲ.

"ಪುಟ್ಟೀ!" ಎಂದು ಹೆಂಡತಿ ಎರಡು ಹೆಜ್ಜೆ ಮುಂದೆ ಬಂದಳು.

"ನಮಸ್ಕಾರ ಮೇಡಂ."

ಹೆಂಡತಿಯ ಕಾಲು ಅಲ್ಲೇ ನಿಂತಿತು. ನಡೆಯಲು ಕಲಿತಾಗಿನಿಂದ ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ಬೆನ್ನಿಗೆ ಜೋತು ಬೀಳುತ್ತಿದ್ದ ಹುಡುಗಿ ಮೇಡಂ ಅಂದದ್ದು ಕಪಾಳಕ್ಕೆ ಬಿಟ್ಟ ಹಾಗೇ ಆಯಿತು. ಆದರೂ ಅವಳು ಮುಖ ತಿರುಗಿಸಲಿಲ್ಲ, ನಕ್ಕಳು. ಅವಳ ಸ್ವಭಾವವೇ ಹಾಗೆ.

ಅವನು ಡ್ರೈವಿಂಗ್ ಪರೀಕ್ಷಕ. ಲೈಸೆನ್ಸ್ ಬೇಕೆನ್ನುವವರ ಪಕ್ಕದ ಸೀಟಿನಲ್ಲಿ ಕೂತು, ಇಪ್ಪತ್ತು ನಿಮಿಷ ಊರು ಸುತ್ತಿಸಿ, ತೊಡೆಯ ಮೇಲಿನ ಹಾಳೆಯಲ್ಲಿ ಅವರ ತಪ್ಪುಗಳನ್ನು ಗುರುತು ಹಾಕುವುದು ಕೆಲಸ. ಇಪ್ಪತ್ಮೂರು ವರ್ಷದಿಂದ ಹಾಕುತ್ತಿದ್ದಾನೆ. ಪರೀಕ್ಷೆಯ ಹೊತ್ತಿನಲ್ಲಿ ತುಟಿ ಪಿಟಕ್ ಅನ್ನುವುದಿಲ್ಲ, ಪೆನ್ನಿನ ಕರಕರ ಮಾತ್ರ. ಆ ಸದ್ದಿಗೇ ಅರ್ಧ ಜನರ ಕಾಲು ಕ್ಲಚ್ಚಿನಿಂದ ಜಾರುತ್ತದೆ. ಊರಿನವರು ಅವನಿಗೆ ಫೇಲಪ್ಪ ಎಂದು ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು, ಮೇಲೆ ಮುಖ ಗಂಟಿಕ್ಕಿದರೂ ಒಳಗೊಳಗೇ ಬಿರುದು ಸಿಕ್ಕಿದಷ್ಟು ಖುಷಿ. ಕಾಸು ಮುಟ್ಟುವವನಲ್ಲ, ಮುಲಾಜಿಗೆ ಬೀಳುವವನಲ್ಲ, ಅದು ಮಾತ್ರ ನಿಜ. ಇಂಥವರ ಜೊತೆ ಒಂದೇ ಸೂರಿನ ಕೆಳಗೆ ಬಾಳುವುದು ಹೇಗಿರುತ್ತದೆಂದು ಅವನ ಹೆಂಡತಿಯನ್ನು ಯಾರೂ ಕೇಳಿರಲಿಲ್ಲ.

ಇಂಥವನಿಗೆ ಇದ್ದ ಒಂದೇ ಶೋಕಿ ಹೊಗೆ. ಸಿಗರೇಟಿನದಲ್ಲ, ಮಾಂಸಕ್ಕೆ ಹಾಕುವ ಹೊಗೆ. ಒಂಬತ್ತು ವರ್ಷದ ಹಿಂದೆ ನಿಂತ ಪೀಪಾಯಿಯಂಥ ಎರಡು ಜಾಲರಿಯ ಸ್ಮೋಕರೊಂದನ್ನು ತಂದು ಹಿತ್ತಲಲ್ಲಿಟ್ಟ. ಬೆಳಗಿನ ಜಾವ ಎದ್ದು ಇದ್ದಿಲು ಕೆಂಡ ಮಾಡಿ, ಅದರ ಮೇಲೆ ಒಣಗಿದ ಸೇಬುಮರದ ತುಂಡಿಟ್ಟು, ಆರೇಳು ತಾಸು ಸಣ್ಣ ಬಿಸಿಯಲ್ಲಿ ಮಾಂಸ ಬೇಯಿಸುತ್ತಿದ್ದ. ತಿಂಗಳಿಗೊಂದು ಭಾನುವಾರ ಅಣ್ಣನ ಮನೆಯವರು, ತಂಗಿಯ ಮನೆಯವರು, ಹೆಂಡತಿಯ ತಮ್ಮನ ಮನೆಯವರು ಬರುತ್ತಿದ್ದರು. ಮನೆಯವರಿಬ್ಬರೂ ಸೇರಿ ಹದಿನಾಲ್ಕು ಜನ. ಮೂಳೆಯಿಂದ ತಾನಾಗಿ ಕಳಚಿ ಬರುವ ಮಾಂಸವನ್ನು ಅವರು ಬೆರಳು ನೆಕ್ಕಿ ತಿನ್ನುವಾಗ ಅವನು ಇಕ್ಕಳ ಹಿಡಿದು ನಿಂತು ನೋಡುತ್ತಿದ್ದ. ಆ ಹೊತ್ತಿನಲ್ಲಿ ಮಾತ್ರ ಅವನು ಯಾರಿಗೂ ಅಂಕ ಹಾಕುತ್ತಿರಲಿಲ್ಲ. ಅಷ್ಟು ಹೊತ್ತು ಅವನಿಗೆ ಎಲ್ಲರ ಮೇಲೂ ಪ್ರೀತಿ ಬರುತ್ತಿತ್ತು.

ಎಲ್ಲ ಕೆಟ್ಟದ್ದು ಕೊನೆಯ ಭಾನುವಾರ. ಅದಕ್ಕೆ ಮೂರು ದಿನ ಮುಂಚೆ ಅಣ್ಣನ ಮಗಳು ಅವನ ಕೈಯಲ್ಲಿ ಮೂರನೇ ಸಲ ಫೇಲಾಗಿದ್ದಳು. ಸಂಚಾರಿ ಗ್ರಂಥಾಲಯದ ವ್ಯಾನು ಓಡಿಸುವ ಕೆಲಸ ಅವಳಿಗಾಗಿ ತಿಂಗಳ ಕೊನೆಯ ತನಕ ಕಾದಿತ್ತು. ಪುಸ್ತಕ ತುಂಬಿಕೊಂಡು ಊರೂರು ತಿರುಗುವುದು, ನಿಲ್ಲಿಸಿದ ಕಡೆ ಜನರಿಗೆ ಪುಸ್ತಕ ಕೊಡುವುದು. ಅವಳು ಅದಕ್ಕಾಗಿಯೇ ಓದಿದ್ದಳು. ಲೈಸೆನ್ಸ್ ಇಲ್ಲದೆ ಅದು ಬೇರೆಯವರ ಪಾಲಾಯಿತು. ಆದರೂ ಅಣ್ಣ ದೊಡ್ಡ ಮನಸ್ಸು ಮಾಡಿ ಆ ಭಾನುವಾರ ಎಲ್ಲರನ್ನೂ ಕರೆದುಕೊಂಡು ಬಂದಿದ್ದ.

ಹದಿನಾಲ್ಕು ಜನರ ಮಾಂಸ ಒಂದೇ ಸಲಕ್ಕೆ ಹಿಡಿಸದೆ ಎರಡನೇ ಕಂತು ಹಾಕಬೇಕಾಯಿತು. ಗಂಟೆ ಮೂರಾಯಿತು. ಉಳಿದವರು ತಿಂದು ಕೈ ತೊಳೆದರೂ ಅಣ್ಣನ ಮನೆಯವರ ತಟ್ಟೆ ಖಾಲಿ. "ಇನ್ನೂ ಎಷ್ಟೊತ್ತಪ್ಪಾ?" ಎಂದು ಅತ್ತಿಗೆ ಮೆಲ್ಲಗೆ ಕೇಳಿದ್ದಕ್ಕೆ ಇವನು, "ನಿಮ್ಮ ಮಗಳು ಬ್ರೇಕ್ ಹಾಕೋದು ಕಲಿಯೋ ಹೊತ್ತಿಗೆ ಬೇಯುತ್ತೆ ಬಿಡಿ ಅತ್ತಿಗೆ" ಅಂದ. ಒಬ್ಬಿಬ್ಬರು ನಕ್ಕೂಬಿಟ್ಟರು. ಅಣ್ಣ ನಗಲಿಲ್ಲ. ಖಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದ, ಅವನ ಹಿಂದೆ ಅವನ ಮನೆಯವರು ಎದ್ದರು. ಮಾತು ಆಡಿದರೆ ಹೋಯ್ತು ಅನ್ನುತ್ತಾರೆ, ಈ ಮಾತು ಹೋಗುವಾಗ ಒಂದು ಸಂಸಾರವನ್ನೇ ಎತ್ತಿಕೊಂಡು ಹೋಯಿತು.

ತಪ್ಪು ಯಾರದು? ಸ್ಮೋಕರಿನದು! ಹನ್ನೊಂದು ತಿಂಗಳು ಯೋಚಿಸಿ ಅವನು ಕಂಡುಕೊಂಡ ಸತ್ಯ ಅದು. ಸ್ಮೋಕರ್ ಚಿಕ್ಕದಾಯಿತು, ಜನ ಹಸಿದರು, ಹಸಿದವರಿಗೆ ಸಣ್ಣ ತಮಾಷೆಯೂ ಚುಚ್ಚುತ್ತದೆ. ದೊಡ್ಡದೊಂದು ತಂದು, ಹದಿನಾಲ್ಕು ಜನಕ್ಕೂ ಒಂದೇ ಸಲ ಬಡಿಸಿದರೆ ಎಲ್ಲ ಸರಿಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ನೆಲವನ್ನೇ ಬದಲಾಯಿಸಲು ಹೊರಟಿದ್ದ. ಕ್ಷಮಿಸು ಅನ್ನುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಲು ಅವನು ತಯಾರಿದ್ದ.

"ಬೇರೆ ಯಾರಾದ್ರೂ ಇದ್ದಾರಾ ಇಲ್ಲಿ, ತೋರಿಸೋಕೆ?" ಎಂದು ನೆತ್ತಿ ಉಜ್ಜಿಕೊಳ್ಳುತ್ತ ಕೇಳಿದ.

"ಇದ್ದಾರೆ ಸರ್. ಅವರದು ಗ್ಯಾಸ್ ಒಲೆ. ಸ್ಮೋಕರ್ ನಂದು." ಅವಳು ಕಿವಿಯ ಸಂದಿಯಿಂದ ಪೆನ್ನು ತೆಗೆದಳು. "ದೊಡ್ಡದು ತಗೊಳ್ಳೋರು ಮೊದ್ಲು ಈ ಹಾಳೆ ತುಂಬಿಸ್ಬೇಕು. ಅಂಗಡಿ ರೂಲ್ಸು."

"ನಂಗೇನ್ ಹಾಳೆ? ಒಂಬತ್ತು ವರ್ಷದಿಂದ ಹೊಗೆ ಹಾಕ್ತಿದೀನಿ."

"ಅನುಭವ ಇದ್ದೋರು ಗಾಡಿ ಚೆನ್ನಾಗಿ ಓಡಿಸ್ತಾರೆ ಅಂತ ಏನಿಲ್ವಲ್ಲ ಸರ್. ನೀವೇ ಹೇಳ್ತಿದ್ರಿ."

ಹೆಂಡತಿ ಕೆಮ್ಮಿದಳು. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತ.

"ಈಗ ಇರೋದು ಎಂಥದು?"

"ನೋಡಿಲ್ವಾ ನೀನು? ಅಷ್ಟು ವರ್ಷ ಅದರಲ್ಲಿ ಬೆಂದಿದ್ದನ್ನೇ ತಿಂದಿದೀಯಲ್ಲ."

"ಗಿರಾಕಿ ಬಾಯಲ್ಲೇ ಹೇಳ್ಬೇಕು ಸರ್."

"ನಿಂತಿರೋದು. ಎರಡು ಜಾಲರಿ. ಇದ್ದಿಲಿಂದು."

ಪೆನ್ನು ಕರಕರ ಎಂದಿತು. "ಇದಕ್ಕೆ ಬೆಂಕಿ ಹಾಕೋ ಗೂಡು ಪಕ್ಕದಲ್ಲಿದೆ, ಅದಕ್ಕೆ ಕಟ್ಟಿಗೆ ಹಾಕ್ಬೇಕು. ಮುಕ್ಕಾಲು ಗಂಟೆಗೊಂದು ತುಂಡು. ಬೆಂಕಿ ನೋಡ್ಕೊಳ್ಳೋರು ಯಾರು?"

"ನಾನೇ."

"ಸಹಾಯಕ್ಕೆ?"

"ಯಾರೂ ಬೇಡ."

"ಯಾರೂ ಇಲ್ಲ," ಎಂದು ಓದಿಕೊಳ್ಳುತ್ತ ಬರೆದಳು. ಅವನಿಗೆ ಮೈ ಉರಿಯಿತು. ಬೇಡ ಅಂದದ್ದಕ್ಕೂ ಇಲ್ಲ ಅಂತ ಬರೆಯುವುದಕ್ಕೂ ವ್ಯತ್ಯಾಸ ಇದೆ ಎಂದು ಹೇಳಹೊರಟವನನ್ನು ಹೆಂಡತಿ ಕಣ್ಣಲ್ಲೇ ತಡೆದಳು.

"ಎಷ್ಟು ಜನಕ್ಕೆ?"

"ಹದಿನಾಲ್ಕು."

"ದೊಡ್ಡವರೆಷ್ಟು, ಮಕ್ಕಳೆಷ್ಟು?"

"ಅದ್ಯಾಕೆ ಬೇಕು? ಹದಿನಾಲ್ಕು ಅಂದ್ರೆ ಹದಿನಾಲ್ಕು."

"ಬೇಕು ಸರ್. ಹದಿನಾಲ್ಕು ಜನದ್ದನ್ನ ಒಯ್ದು ಇಬ್ಬರದ್ದು ಬೇಯಿಸಿದ್ರೆ ಏನಾಗುತ್ತೆ? ಒಳಗೆ ಅಷ್ಟೊಂದು ಜಾಗ ಖಾಲಿ. ಇಷ್ಟೇ ಮಾಂಸಕ್ಕೆ ಬೆಂಕಿ ಜಾಸ್ತಿ ಆಯ್ತು ಅಂತ ಗಾಳಿ ಕಿಂಡಿ ಮುಚ್ತೀರಿ. ಗಾಳಿ ಇಲ್ದಿದ್ರೆ ಕಟ್ಟಿಗೆ ಉರಿಯಲ್ಲ, ಕಮರುತ್ತೆ. ಬಿಳೀ ದಟ್ಟ ಹೊಗೆ. ಆ ಮಾಂಸ ಬಾಯಿಗಿಟ್ರೆ ಕಹಿ, ನಾಲಿಗೆ ಮರಗಟ್ಟುತ್ತೆ. ಆಮೇಲೆ ಸ್ಮೋಕರ್ ಸರಿ ಇಲ್ಲ ಅಂತ ನಮ್ಮ ಹತ್ರ ಜಗಳಕ್ಕೆ ಬರ್ತಾರೆ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದೇ ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು. ಬೆರಳು ಮಡಿಸತೊಡಗಿದ. "ನಾವಿಬ್ರು. ನಿಮ್ಮನೆ ನಾಲ್ಕು..."

"ನಮ್ಮನೆ ನಾಲ್ಕು ತೆಗೀರಿ. ಅಪ್ಪ ಬರಲ್ಲ. ಅಪ್ಪ ಬರದಿದ್ರೆ ಅಮ್ಮ ಬರಲ್ಲ. ತಮ್ಮ ಒಬ್ನೇ ಬಂದು ಏನ್ ಮಾಡ್ತಾನೆ?" ನಾಲ್ಕನೆಯವಳಾದ ತನ್ನ ವಿಷಯ ಅವಳು ಎತ್ತಲೇ ಇಲ್ಲ. "ಹತ್ತು."

"ತಂಗಿ ಮನೆಯವರು ಐದು."

"ಅತ್ತೆ ಮೊನ್ನೆ ನಮ್ಮನೆಗೆ ಬಂದಿದ್ರು. ನಿಮ್ಮ ಗೇಟಿನ ಒಳಗೆ ಕಾಲಿಟ್ರೆ ಕೇಳಿ ಅಂದ್ರು. ಐದು ಹೋದ್ರೆ ಐದು."

"ಇವಳ ತಮ್ಮನ ಮನೆ ಮೂರು. ಅವರಿಗೂ ನಿಮಗೂ ಸಂಬಂಧ ಇಲ್ಲ, ಅದನ್ನೂ ಹೊಡೆದು ಹಾಕ್ಬೇಡ!"

ಹುಡುಗಿ ಪೆನ್ನು ಎತ್ತಿ ಹಿಡಿದು ಹೆಂಡತಿಯ ಕಡೆ ನೋಡಿದಳು. ಹೆಂಡತಿ ಪಕ್ಕದ ಕಪಾಟಿನಲ್ಲಿ ನೇತು ಹಾಕಿದ್ದ ಇಕ್ಕಳಗಳನ್ನು ನೋಡುತ್ತಿದ್ದಳು.

"ಅವರೂ ಇಲ್ಲ," ಎಂದಳು. "ಅವನ ಹತ್ರ ನಾನೇ ಮಾತು ಬಿಟ್ಟಿದೀನಿ."

ಅದೂ ಆ ಡ್ರೈವಿಂಗ್ ಪರೀಕ್ಷೆಯ ಸಲುವಾಗಿಯೇ. ಅಣ್ಣ ಎದ್ದು ಹೋದ ಮಾರನೇ ವಾರ ತಮ್ಮ ಫೋನ್ ಮಾಡಿ, "ಅಕ್ಕಾ, ಭಾವ ಬೇಕಂತಲೇ ತಪ್ಪು ಬರೆದಿರ್ತಾರೆ, ಆ ಹುಡುಗಿ ಗಾಡಿ ಓಡಿಸೋದನ್ನ ನಾನೇ ಕಣ್ಣಾರೆ ನೋಡಿದೀನಿ" ಅಂದಿದ್ದ. ಅವಳು ಕೆಂಡವಾಗಿದ್ದಳು. ನನ್ನ ಗಂಡ ಒರಟ ಅನ್ನು, ಜಿಪುಣ ಅನ್ನು, ಬಾಯಿಬಡುಕ ಅನ್ನು, ಸುಳ್ಳುಗಾರ ಅಂದರೆ ನಾಲಿಗೆ ಕೀಳ್ತೀನಿ ಅಂದಿದ್ದಳು. ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವತ್ತಿನಿಂದ ಅವನ ನಂಬರು ಬಂದರೆ ಫೋನನ್ನು ಬೋರಲು ಹಾಕಿಡುತ್ತಿದ್ದಳು. ವಾರಗಿತ್ತಿಗೂ ಇದೇ ಮಾತು ಹೇಳಿದ್ದಳು, ನಾದಿನಿಗೂ ಇದೇ ಮಾತು. ಒಬ್ಬೊಬ್ಬರ ಬಾಯಿ ಮುಚ್ಚಿಸಿದಂತೆ ಒಂದೊಂದು ಮನೆಯ ಬಾಗಿಲೂ ಮುಚ್ಚಿತ್ತು.

"ಎರಡು ಜನ," ಎಂದು ಹುಡುಗಿ ಬರೆದಳು. "ಇಬ್ರೂ ದೊಡ್ಡವರು. ಹಾಗಾದ್ರೆ ಇದಲ್ಲ ಸರ್ ನಿಮಗೆ. ಬನ್ನಿ." ಮೂಲೆಯ ಕಡೆ ಕೈ ತೋರಿಸಿದಳು. ಅಲ್ಲಿ ಬಕೆಟ್ಟಿಗಿಂತ ತುಸು ದೊಡ್ಡದಾದ ಒಂದು ಡಬ್ಬಿಯಂಥದು ಮೂರು ಕಾಲಿನ ಮೇಲೆ ನಿಂತಿತ್ತು. "ಎರಡು ಕೋಳಿ ಹಿಡಿಸುತ್ತೆ. ಎತ್ಕೊಂಡು ಹೋಗೋಕೂ ಹಗುರ."

"ನಾನು ದೊಡ್ಡದು ತಗೊಳ್ಳೋಕೆ ಬಂದಿದೀನಿ!"

"ಗೊತ್ತಾಯ್ತು ಸರ್. ಆದ್ರೆ ನಿಮ್ಮ ಹಾಳೆ ಹಾಗೆ ಹೇಳ್ತಿಲ್ಲ."

ಇಪ್ಪತ್ಮೂರು ವರ್ಷದಲ್ಲಿ ಈ ವಾಕ್ಯವನ್ನು ಅವನು ಸಾವಿರ ಸಲ ಹೇಳಿರಬಹುದು. ಬೇರೆಯವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಗ್ಯಾಸ್ ಒಲೆಯ ಕಡೆ ನಿಂತಿದ್ದ ಒಬ್ಬ ಗಿರಾಕಿ ಇತ್ತ ತಿರುಗಿ ನೋಡಿದ.

"ಓಹೋ! ಗೊತ್ತಾಯ್ತು ಬಿಡು. ಮೂರು ಸಲ ಫೇಲಾಗಿದ್ದಕ್ಕೆ ಸೇಡು. ಒಂದು ಪೆನ್ನು ಕೈಗೆ ಬಂದ ತಕ್ಷಣ ಚಿಕ್ಕಪ್ಪನಿಗೇ ಪಾಠ ಕಲಿಸೋಕೆ ಹೊರಟಿದೀಯ. ಗಾಡಿ ಓಡಿಸೋಕೆ ಬರದೋರಿಗೆ ಈ ಕೊಬ್ಬೊಂದಕ್ಕೆ ಕಡಿಮೆ ಇಲ್ಲ!"

ಹುಡುಗಿಯ ಮುಖ ಕೆಂಪಾಯಿತು. ಅವಳಿಗಿಂತ ಮೊದಲೇ ಹೆಂಡತಿ ನಡುವೆ ಬಂದಳು. ಬಂದದ್ದು ಗಂಡನ ಪರವಾಗಿಯೇ. "ಪುಟ್ಟಿ, ಕೇಳಿಲ್ಲಿ. ಇವರ ಬಾಯಿ ಹೊಲಸು, ನಾನೇ ಒಪ್ತೀನಿ. ಅವತ್ತು ನಿಮ್ಮಮ್ಮನಿಗೆ ಅಂದಿದ್ದು ತಪ್ಪು. ಆದ್ರೆ ಹಾಳೇಲಿ ಇಲ್ಲದ್ದನ್ನ ಬರೆಯೋ ಜನ ಅಲ್ಲ ಇವರು. ಹೆತ್ತ ಮಗ ಇದ್ದಿದ್ರೂ ಹಾಗೇ ಬರೀತಿದ್ರು. ಅದೊಂದನ್ನ ನಂಬ್ಕೊಂಡೇ ನಾನು ಊರೆಲ್ಲ ಎದುರು ಹಾಕ್ಕೊಂಡಿದ್ದು."

"ಮೊದಲನೇ ಸಲ ದಿಬ್ಬದ ಮೇಲೆ ಗಾಡಿ ಹಿಂದಕ್ಕೆ ಜಾರ್ತು," ಎಂದಳು ಹುಡುಗಿ. "ನನ್ನ ತಪ್ಪು. ಎರಡನೇ ಸಲ ರಿವರ್ಸ್ ತಗೊಳ್ಳುವಾಗ ಕಂಬಕ್ಕೆ ತಾಗಿಸ್ದೆ. ಅದೂ ನನ್ನ ತಪ್ಪು. ಮೂರನೇ ಸಲ ಏನ್ ತಪ್ಪು ಮಾಡ್ದೆ ಅಂತ ಕೇಳಿ ಚಿಕ್ಕಮ್ಮಾ. ಇಲ್ಲೇ ಇದ್ದಾರಲ್ಲ."

"ಕನ್ನಡಿ ನೋಡ್ಲಿಲ್ಲ," ಎಂದ ಅವನು ತಕ್ಷಣ. "ತಿರುಗೋ ಮುಂಚೆ ಕನ್ನಡಿ ನೋಡ್ಬೇಕು, ನೋಡ್ಲಿಲ್ಲ. ಬರೆದಿದೀನಲ್ಲ."

"ಯಾವ ತಿರುವಲ್ಲಿ?"

"ಪೋಸ್ಟಾಫೀಸ್ ತಿರುವಲ್ಲಿ."

"ಅವತ್ತು ಪೋಸ್ಟಾಫೀಸ್ ರಸ್ತೆ ಅಗೆದು ಹಾಕಿದ್ರು. ನಾವು ಆ ಕಡೆ ಹೋಗ್ಲೇ ಇಲ್ಲ."

ಹೆಂಡತಿ ಅವನ ತೋಳು ಹಿಡಿದಳು. "ಬೇರೆ ತಿರುವು ಇರ್ಬೇಕು ಕಣ್ರೀ. ದಿನಾ ಎಷ್ಟು ಜನರನ್ನ ನೋಡ್ತೀರಿ, ಕಲಸಿಹೋಗಿರುತ್ತೆ. ನೆನಪು ಮಾಡ್ಕೊಂಡು ಹೇಳಿ. ಯಾವುದು, ಸ್ಕೂಲಿನ ಹತ್ರಾನಾ?"

ಕಲಸಿಹೋಗಿರಲಿಲ್ಲ. ಅವತ್ತಿನ ಬೆಳಿಗ್ಗೆ ಆಫೀಸಿನಲ್ಲಿ ಚಹಾದ ಹೊತ್ತಿಗೆ, "ಇವತ್ತು ಸಾಹೇಬ್ರ ಅಣ್ಣನ ಮಗಳಂತೆ. ಇನ್ನೇನು, ಪಾಸೇ!" ಎಂದು ಯಾರೋ ಅಂದಿದ್ದರು. ಎಲ್ಲ ನಕ್ಕಿದ್ದರು. ಆ ನಗು ಅವನ ಜೊತೆಗೇ ಕಾರು ಹತ್ತಿತ್ತು. ಇಪ್ಪತ್ತು ನಿಮಿಷ ಹುಡುಗಿ ಅಂದವಾಗಿ ಓಡಿಸಿದಳು. ದಿಬ್ಬ ಹತ್ತಿಸಿದಳು, ರಿವರ್ಸ್ ತೆಗೆದಳು, ಅಡ್ಡ ಬಂದ ನಾಯಿಗೆ ಸರಿಯಾಗಿ ಬ್ರೇಕ್ ಹಾಕಿದಳು. ಪೆನ್ನಿಗೆ ಕೆಲಸವೇ ಇರಲಿಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, "ಆಯ್ತಲ್ವಾ ಚಿಕ್ಕಪ್ಪಾ?" ಎಂದು ಅವಳು ನಕ್ಕಾಗ ಅವನು ಹಾಳೆಯ ಮೇಲೆ ಬಗ್ಗಿದ. ಮುಲಾಜಿಲ್ಲದವನು ಅನ್ನಿಸಿಕೊಳ್ಳಲು ಅವನಿಗೆ ಒಂದು ತಪ್ಪು ಬೇಕಿತ್ತು. ಕನ್ನಡಿ ನೋಡಿದಳೋ ಇಲ್ಲವೋ ಅನ್ನುವುದಕ್ಕೆ ಪಕ್ಕದಲ್ಲಿ ಕೂತವನೊಬ್ಬನ ಮಾತೇ ಸಾಕ್ಷಿ. ಅದನ್ನೇ ಬರೆದ.

ಈಗಲೂ ಸ್ಕೂಲಿನ ಹತ್ತಿರ ಅಂದುಬಿಟ್ಟರೆ ಮುಗಿಯುತ್ತಿತ್ತು. ಹೆಂಡತಿಯೇ ದಾರಿ ಮಾಡಿಕೊಟ್ಟಿದ್ದಳು. ಆದರೆ ಹುಡುಗಿ ಈಗಷ್ಟೇ ಚಿಕ್ಕಮ್ಮಾ ಅಂದಿದ್ದಳು. ನಿಜ ಹೇಳಿದರೆ ಇನ್ನೊಂದು ನಿಮಿಷದಲ್ಲಿ ಚಿಕ್ಕಪ್ಪಾ ಅಂತಲೂ ಅಂದಾಳು, ಅಣ್ಣನ ಕಿವಿಗೆ ಬಿದ್ದೀತು, ನಾಲ್ಕು ಜನ ಬಂದಾರು, ನಾಲ್ವರ ಹಿಂದೆ ಐವರು, ಮೂವರು. ಅವನ ಲೆಕ್ಕ ಆಗಲೂ ಸ್ಮೋಕರಿನ ಸುತ್ತಲೇ ತಿರುಗುತ್ತಿತ್ತು.

"ಆಫೀಸಲ್ಲಿ ಆಡ್ಕೊಳ್ತಿದ್ರು," ಎಂದ, ನೆಲ ನೋಡುತ್ತ. "ಪಾಸ್ ಮಾಡಿದ್ರೆ ಅಣ್ಣನ ಮಗಳಿಗೆ ಅಂತ... ನನ್ನ ಹೆಸರಿನ ಪ್ರಶ್ನೆ ಅದು. ಇನ್ನೊಂದು ಸಲ ಬಂದಿದ್ರೆ ಪಾಸ್ ಮಾಡ್ತಿದ್ದೆ. ಬರಬಹುದಿತ್ತಲ್ಲ ಅವಳು."

"ತಪ್ಪು ಇತ್ತಾ, ಇರ್ಲಿಲ್ವಾ?" ಇದನ್ನು ಕೇಳಿದವಳು ಹೆಂಡತಿ.

"ಇರ್ಲಿಲ್ಲ."

ಹುಡುಗಿ ಅಳಲಿಲ್ಲ, ಹಿಗ್ಗಲೂ ಇಲ್ಲ. ಚಿಕ್ಕಪ್ಪಾ ಅಂತ ಅನ್ನಲಂತೂ ಇಲ್ಲ. "ಆ ವ್ಯಾನು ಈಗಲೂ ನಮ್ಮ ಬೀದಿಗೆ ಬರುತ್ತೆ, ಮಂಗಳವಾರ," ಎಂದಳು. "ಅದು ಹೋಗೋ ತನಕ ನಾನು ಮನೆ ಒಳಗೆ ಹೋಗಿ ಕೂತ್ಕೋತೀನಿ." ಅವನ ಮಾತಿಗೆ ಕಾಯದೆ ಪ್ಯಾಡಿಗೆ ಹಿಂತಿರುಗಿದಳು. "ಎರಡು ಜನ ಅಂತಲೇ ಇರ್ಲಾ ಸರ್?"

"ಎರಡಲ್ಲ," ಎಂದಳು ಹೆಂಡತಿ. ಅವನ ತೋಳಿನ ಮೇಲಿದ್ದ ಕೈ ಯಾವಾಗಲೋ ಹಿಂದೆ ಹೋಗಿತ್ತು. ದನಿ ಅಂಗಡಿಯಲ್ಲಿ ಉಪ್ಪು ಕೇಳುವಷ್ಟೇ ಸಾದಾ ಆಗಿತ್ತು. "ಒಂದು ಅಂತ ಬರಿ."

"ಏಯ್, ಏನೇ ಇದು, ಎಲ್ಲರ ಎದುರಿಗೆ..."

"ನಂಗೆ ಒಬ್ಬನೇ ತಮ್ಮ ಕಣ್ರೀ," ಎಂದಳು. "ನಾಲಿಗೆ ಕೀಳ್ತೀನಿ ಅಂದಿದ್ದೆ ಅವನಿಗೆ."

ಕೈಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಹೋಗುವಾಗ ಹುಡುಗಿಯ ಭುಜವನ್ನು ಒಮ್ಮೆ ಮುಟ್ಟಿದಳು. ಹುಡುಗಿ ಒಂದು ಗಳಿಗೆ ಅವಳ ಹಿಂದೆ ನೋಡಿ, ಆಮೇಲೆ ಎರಡನ್ನು ಹೊಡೆದು ಒಂದು ಮಾಡಿದಳು. ಹಾಳೆಯನ್ನು ಕಿತ್ತು ದೊಡ್ಡ ಸ್ಮೋಕರಿನ ಮೇಲಿಟ್ಟು, ಗ್ಯಾಸ್ ಒಲೆಯ ಕಡೆಯಿಂದ ಬರುತ್ತಿದ್ದ ಗಿರಾಕಿಯತ್ತ, "ಬನ್ನಿ ಸರ್, ಏನು ನೋಡ್ತಿದೀರಾ?" ಎಂದು ನಡೆದಳು.

ಅವನು ಗಾಜಿನ ಗೋಡೆಯವರೆಗೆ ಹೋದ. ಅವರ ಕಾರು ಅಂಗಡಿಯ ಮುಂದೆಯೇ ಇತ್ತು. ಹೆಂಡತಿ ಅದರ ಪಕ್ಕದಲ್ಲೇ ಹಾದು, ಎರಡೂ ಕಡೆ ನೋಡಿ ರಸ್ತೆ ದಾಟಿ, ಎದುರಿನ ಬಸ್‌ಸ್ಟಾಪಿನಲ್ಲಿ ನಿಂತಳು. ಆ ಬದಿಯ ಬಸ್ಸುಗಳು ಅವರ ಮನೆಯ ಕಡೆ ಹೋಗುವುದಿಲ್ಲ. ಅವು ಅಣ್ಣನ ಬಡಾವಣೆಗೆ ಹೋಗುತ್ತವೆ, ಅಲ್ಲಿಂದ ಎರಡು ಸ್ಟಾಪು ಮುಂದೆ ಅವಳ ತಮ್ಮನ ಮನೆ. ಅವನು ಗಾಜನ್ನು ಬೆರಳಿನಿಂದ ತಟ್ಟಿದ. ಅಷ್ಟು ದೂರಕ್ಕೆ ಅದು ಕೇಳಿಸುವಂತಿರಲಿಲ್ಲ. ಅವಳು ಫೋನ್ ತೆಗೆದು ಕಿವಿಗಿಟ್ಟುಕೊಂಡಿದ್ದಳು, ಮಾತಾಡುತ್ತಿರಲಿಲ್ಲ, ಆ ಕಡೆಯವರು ಎತ್ತಲೆಂದು ಕಾಯುತ್ತಿದ್ದಳು.

ಬಸ್ಸು ಬಂದು ನಡುವೆ ನಿಂತಿತು. ಅದು ಹೋದ ಮೇಲೆ ಸ್ಟಾಪಿನ ಖಾಲಿ ಬೆಂಚಿನ ಮೇಲೆ ಬಿಸಿಲು ಬಿದ್ದಿತ್ತು.